ವೇದನೆ, ವಿವೇಕ ಮತ್ತು ವೈಯಾವೃತ್ತ್ಯ

ದೇಹವನ್ನು ಧರಿಸಿದ ಜೀವಕ್ಕೆ ವೇದನೆ ತಪ್ಪಿದ್ದಲ್ಲ. ಅಸಾತಾ ವೇದನೀಯ ಕರ್ಮವು ಉದಯಕ್ಕೆ ಬಂದಾಗ ಅರಸನಿಗೂ ಆಳಿಗೂ ನೋವು ಸಮಾನವಾಗಿಯೇ ಬರುತ್ತದೆ. ಹಾಗೆ ಬಂದ ನೋವನ್ನು ಸಮತಾಭಾವದಿಂದ ಸಹಿಸಿದವರನ್ನು ಜೈನ ಪರಂಪರೆಯು ಸದಾ ಗೌರವಿಸುತ್ತ ಬಂದಿದೆ. ಮುನಿಗಳು ಜಯಿಸಬೇಕಾದ 22 ಪರೀಷಹಗಳಲ್ಲಿ ರೋಗವೂ ಒಂದು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರ ಹೆಸರುಗಳು ಸಾವಿರ ವರ್ಷಗಳಿಗೂ ಮಿಕ್ಕಿ ಅಳಿಯದೆ ನಿಂತಿವೆ. ಇಂತಹ ಪರಂಪರೆಯಲ್ಲಿ ಬೆಳೆದ ಗೃಹಸ್ಥನು ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಅವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಕರ್ಮಫಲವಾಗಿ ಬಂದ ನೋವನ್ನು ಔಷಧದಿಂದ ತಡೆಯುವುದು ಯುಕ್ತವೇ? ಆ ನೋವು ತನ್ನದಲ್ಲದೆ ಇನ್ನೊಬ್ಬರದಾಗಿದ್ದು, ಅದರ ನಿರ್ಧಾರ ಮಾತ್ರ ತನ್ನ ಕೈಯಲ್ಲಿದ್ದಾಗ ಈ ಪ್ರಶ್ನೆ ಇನ್ನಷ್ಟು ಗಹನವಾಗುತ್ತದೆ.

ವಿಚಾರದ ಅನುಕೂಲಕ್ಕಾಗಿ ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಬಹುದು. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯಂತಹ ಊರಿನ ಒಂದು ಕುಟುಂಬ. ಮನೆಯ ಹಿರಿಯ ಹೆಣ್ಣುಮಗಳಿಗೆ ತಿಂಗಳುಗಟ್ಟಲೆ ತಲೆನೋವು, ವಾಂತಿ. ಮಧುಗಿರಿಯ ಆಸ್ಪತ್ರೆಯವರು ತುಮಕೂರಿಗೆ ಕಳುಹಿಸುತ್ತಾರೆ, ತುಮಕೂರಿನವರು ಬೆಂಗಳೂರಿಗೆ. ಮೆದುಳಿನಲ್ಲಿ ಗಡ್ಡೆ ಇದೆ, ಶಸ್ತ್ರಕ್ರಿಯೆ ಆಗಬೇಕೆಂದು ನಿಶ್ಚಯವಾಗುತ್ತದೆ. ಹಿಂದಿನ ದಿನ ಅರಿವಳಿಕೆಯ ವೈದ್ಯರು ಬಂದು, ನಿದ್ರೆ ಬರಿಸುವುದರ ಜೊತೆಗೆ ನೆತ್ತಿಯ ನರಗಳ ಬಳಿ ಚುಚ್ಚುಮದ್ದು ಕೊಟ್ಟು ನೋವನ್ನು ತಡೆಯುವುದಾಗಿ ಹೇಳಿ ಒಪ್ಪಿಗೆ ಕೇಳುತ್ತಾರೆ. ಮನೆಯ ಯಜಮಾನರು, "ಹೇಗೂ ನಿದ್ರೆ ಬರಿಸುತ್ತೀರಲ್ಲ ಸ್ವಾಮಿ, ತಲೆಗೆ ಇಷ್ಟೊಂದು ಸೂಜಿ ಏಕೆ? ಎಚ್ಚರವಾದ ಮೇಲೆ ನೋವಾದರೆ ಅದು ಅವಳ ಪೂರ್ವಾರ್ಜಿತ. ಅನುಭವಿಸಿದರೆ ತೀರುತ್ತದೆ" ಎನ್ನುತ್ತಾರೆ. ಅವರು ನಿರ್ದಯರಲ್ಲ. ತಾವು ಕೇಳಿದ ಧರ್ಮವನ್ನೇ ಅವರು ಆಡಿದ್ದಾರೆ. ಆ ಮಾತು ಧರ್ಮಸಮ್ಮತವೋ ಅಲ್ಲವೋ ಎಂಬುದನ್ನು ನಿರ್ಣಯಿಸುವ ಮೊದಲು, ವೈದ್ಯರು ಮಾಡಹೊರಟಿರುವುದು ಏನು ಎಂಬುದನ್ನು ತಿಳಿಯುವುದು ಅಗತ್ಯ.

ನೆತ್ತಿಯ ನರಗಳು ಮತ್ತು ನೋವು

ಮೆದುಳಿನ ಬಗ್ಗೆ ಒಂದು ಸಂಗತಿ ಕೇಳಿದವರನ್ನು ಬೆರಗುಗೊಳಿಸುತ್ತದೆ. ದೇಹದ ಸಕಲ ನೋವುಗಳನ್ನೂ ಅರಿಯುವ ಮೆದುಳಿಗೆ, ತನ್ನನ್ನೇ ಕತ್ತರಿಸಿದಾಗ ನೋವಾಗುವುದಿಲ್ಲ. ನೋವನ್ನು ಗ್ರಹಿಸುವ ನರತುದಿಗಳು ಮೆದುಳಿನ ಒಡಲಲ್ಲಿ ಇಲ್ಲ. ಮೆದುಳಿನ ಶಸ್ತ್ರಕ್ರಿಯೆಯಲ್ಲಿ ನೋವು ಹುಟ್ಟುವುದು ಅದರ ಹೊದಿಕೆಗಳಿಂದ: ನೆತ್ತಿಯ ಚರ್ಮ, ಅದರ ಕೆಳಗಿನ ಸ್ನಾಯು, ತಲೆಬುರುಡೆಯ ಮೇಲಿನ ತೆಳುಪೊರೆ, ಬುರುಡೆಯ ಒಳಗೆ ಮೆದುಳನ್ನು ಸುತ್ತಿರುವ ಗಟ್ಟಿಪೊರೆ.

ಶಸ್ತ್ರಕ್ರಿಯೆಯ ಹೊತ್ತಿನಲ್ಲಿ ತಲೆ ಕೂದಲೆಳೆಯಷ್ಟೂ ಅಲುಗಬಾರದು. ಅದಕ್ಕಾಗಿ ಮೂರು ಮೊನೆಗಳುಳ್ಳ ಲೋಹದ ಹಿಡಿಕೆಯಿಂದ ತಲೆಯನ್ನು ಬಿಗಿಯುತ್ತಾರೆ. ಮೊನೆಗಳು ಚರ್ಮವನ್ನು ತೂರಿ ಬುರುಡೆಯ ಮೂಳೆಗೆ ನಾಟುತ್ತವೆ. ವಯಸ್ಕರಲ್ಲಿ ಈ ಬಿಗಿತ 60ರಿಂದ 80 ಪೌಂಡುಗಳಷ್ಟಿರುತ್ತದೆ. ರೋಗಿ ಗಾಢನಿದ್ರೆಯಲ್ಲಿದ್ದರೂ ಆ ಕ್ಷಣದಲ್ಲಿ ನಾಡಿ ವೇಗವಾಗುತ್ತದೆ, ರಕ್ತದೊತ್ತಡ ಏರುತ್ತದೆ. ಮನಸ್ಸು ಅರಿಯದಿದ್ದರೂ ದೇಹ ಪೆಟ್ಟನ್ನು ಅರಿಯುತ್ತದೆ. ಊದಿಕೊಂಡ ಮೆದುಳಿಗೆ ಅಥವಾ ಉಬ್ಬಿದ ರಕ್ತನಾಳಕ್ಕೆ ಈ ಏರಿಕೆ ಅಪಾಯಕರ. ನೆತ್ತಿಯ ನರಗಳನ್ನು ಮೊದಲೇ ಔಷಧದಿಂದ ತಡೆದರೆ ಈ ಏರಿಕೆ ತಗ್ಗುತ್ತದೆಂದು ಅಮೆರಿಕದ ವೈದ್ಯರು 1996ರಲ್ಲಿ ಪ್ರಯೋಗದಿಂದ ತೋರಿಸಿದರು.

ಈ ವಿಧಾನಕ್ಕೆ ಸ್ಕಾಲ್ಪ್ ಬ್ಲಾಕ್ ಎಂದು ಹೆಸರು. ತಲೆಯ ಒಂದೊಂದು ಪಾರ್ಶ್ವದಲ್ಲಿ ಆರು ನರಗಳನ್ನು ಅವು ಸಾಗುವ ದಾರಿಯಲ್ಲಿಯೇ ತಡೆಯುತ್ತಾರೆ. ಎರಡು ಹುಬ್ಬಿನ ಬಳಿ ಹಣೆಗೆ ಏರುವಂತಹವು. ಒಂದು ಕಣ್ಣಿನ ಹೊರಮೂಲೆಯ ಪಕ್ಕದ್ದು. ಒಂದು ಕಿವಿಯ ಮುಂದಿನದು. ಉಳಿದೆರಡು ಕಿವಿಯ ಹಿಂಭಾಗದಿಂದ ಹಿಂದಲೆಗೆ ಹರಡುವಂತಹವು. ಇದಕ್ಕೆ ಬಳಸುವ ಬುಪಿವಕೇನ್, ರೋಪಿವಕೇನ್ ಮೊದಲಾದ ಔಷಧಗಳು ನರತಂತುವಿನ ಪೊರೆಯಲ್ಲಿ ಸೋಡಿಯಂ ಒಳಹೋಗುವ ಬಾಗಿಲುಗಳನ್ನು ಮುಚ್ಚುತ್ತವೆ. ಬಾಗಿಲು ಮುಚ್ಚಿದಾಗ ನೋವಿನ ಸಂದೇಶ ಮುಂದಕ್ಕೆ ಓಡಲಾರದು. ಹಲವು ಗಂಟೆಗಳ ಬಳಿಕ ಔಷಧದ ಪ್ರಭಾವ ತಾನಾಗಿಯೇ ಇಳಿದು ನರ ಮೊದಲಿನಂತಾಗುತ್ತದೆ.

ಈ ಉಪಾಯ ದೋಷರಹಿತವೆಂದು ಹೇಳಲಾಗದು. ನೆತ್ತಿಯಲ್ಲಿ ರಕ್ತಸಂಚಾರ ಹೆಚ್ಚಾದುದರಿಂದ ಔಷಧ ಬೇಗನೆ ರಕ್ತಕ್ಕೆ ಸೇರುತ್ತದೆ. ಪ್ರಮಾಣ ಮೀರಿದರೆ ಸೆಳವು ಬರಬಹುದು, ಹೃದಯದ ಬಡಿತದ ಲಯ ಕೆಡಬಹುದು. ಕಿವಿಯ ಮುಂದೆ ಕೊಟ್ಟ ಔಷಧ ಮುಖದ ನರಕ್ಕೆ ತಾಗಿದರೆ ಕೆಲವು ಗಂಟೆಗಳ ಕಾಲ ಮುಖದ ಒಂದು ಪಕ್ಕ ಸೋಲಬಹುದು. ಮೆದುಳಿನ ಗಟ್ಟಿಪೊರೆಯ ನೋವು ಇದರಿಂದ ಪೂರ್ಣವಾಗಿ ನಿಲ್ಲುವುದಿಲ್ಲ. ಆದುದರಿಂದಲೇ ರೋಗಿಯ ತೂಕವನ್ನು ನೋಡಿ ಲೆಕ್ಕ ಹಾಕಿ ಔಷಧ ಕೊಡುವ ನುರಿತ ವೈದ್ಯರ ಕೈಯಲ್ಲಿ ಇದು ನಡೆಯಬೇಕು.

ಒಂದು ಉಪೇಕ್ಷೆಯ ಕಥೆ

ಶಸ್ತ್ರಕ್ರಿಯೆಯ ನೋವನ್ನು ತಡೆಯುವ ವಿದ್ಯೆ ಬಹಳ ಹಳೆಯದಲ್ಲ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬಾತ ಈಥರ್ ಆವಿಯಿಂದ ರೋಗಿಗೆ ಅರಿವು ತಪ್ಪಿಸಿ ಶಸ್ತ್ರಕ್ರಿಯೆಗೆ ಅನುವು ಮಾಡಿಕೊಟ್ಟನು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೋಲರ್ ಕಣ್ಣಿಗೆ ಕೊಕೇನಿನ ದ್ರವ ಹಾಕಿ, ರೋಗಿಯು ಎಚ್ಚರವಾಗಿರುವಾಗಲೇ ಕಣ್ಣನ್ನು ಮಾತ್ರ ಮರಗಟ್ಟಿಸಬಹುದೆಂದು ತೋರಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಹಾರ್ವೆ ಕುಶಿಂಗ್, ಶಸ್ತ್ರಕ್ರಿಯೆಗೆ ಮುನ್ನ ಆ ಭಾಗದ ನರವನ್ನೇ ತಡೆಯುವ ಕ್ರಮಕ್ಕೆ 'ಪ್ರಾದೇಶಿಕ ಅರಿವಳಿಕೆ' ಎಂಬರ್ಥದ ಹೆಸರನ್ನು ಕೊಟ್ಟನು. ಅದೇ ಕಾಲದ ಜಾರ್ಜ್ ಕ್ರೈಲ್, ನಿದ್ರಿಸುವ ರೋಗಿಯ ದೇಹವೂ ಪೆಟ್ಟಿನಿಂದ ನಲುಗುವುದರಿಂದ ನಿದ್ರೆಯ ಜೊತೆಗೆ ನರವನ್ನೂ ತಡೆಯಬೇಕೆಂದು ವಾದಿಸಿದನು. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1934ರಲ್ಲಿ ನರರೋಗ ಸಂಸ್ಥೆಯನ್ನು ಕಟ್ಟಿದ ವೈಲ್ಡರ್ ಪೆನ್‌ಫೀಲ್ಡ್, ಮೂರ್ಛೆರೋಗಿಗಳ ನೆತ್ತಿಯನ್ನು ಮಾತ್ರ ಮರಗಟ್ಟಿಸಿ, ಅವರೊಡನೆ ಮಾತನಾಡುತ್ತಲೇ ಮೆದುಳಿನ ಶಸ್ತ್ರಕ್ರಿಯೆ ನಡೆಸಿದನು.

ಇಷ್ಟೆಲ್ಲ ತಿಳಿದಿದ್ದರೂ ಮೆದುಳಿನ ಶಸ್ತ್ರಕ್ರಿಯೆಯಾದವರಿಗೆ ಆಮೇಲೆ ಹೆಚ್ಚು ನೋವಿರುವುದಿಲ್ಲ ಎಂಬ ನಂಬಿಕೆ ವೈದ್ಯಲೋಕದಲ್ಲಿ ಬಹುಕಾಲ ಉಳಿದಿತ್ತು. ಮೆದುಳಿಗೆ ನೋವಿಲ್ಲ ಎಂಬ ಸತ್ಯದಿಂದ, ಮೆದುಳಿನ ರೋಗಿಗೆ ನೋವಿಲ್ಲ ಎಂಬ ಅಸತ್ಯಕ್ಕೆ ಜನ ಸುಲಭವಾಗಿ ಜಾರಿದರು. 1996ರಲ್ಲಿ ಇಟಲಿಯ ವೈದ್ಯರು ಇಂತಹ 37 ರೋಗಿಗಳನ್ನು ಕೇಳಿ ನೋಡಿದಾಗ ಅವರಲ್ಲಿ ಶೇ. 60ರಷ್ಟು ಮಂದಿ ನೋವನ್ನು ಅನುಭವಿಸಿದ್ದರು; ಆ ನೋವು ಬಹುಮಂದಿಯಲ್ಲಿ ಮಧ್ಯಮದಿಂದ ತೀವ್ರಮಟ್ಟದ್ದಾಗಿತ್ತು.

ನೋವನ್ನು ಕಡೆಗಣಿಸಲು ಒಂದು ಸಕಾರಣವೂ ಇತ್ತು. ಮಾರ್ಫೀನಿನಂತಹ ಬಲವಾದ ಔಷಧಗಳು ಮಂಪರು ತರಿಸುತ್ತವೆ, ಕಣ್ಣಿನ ಪಾಪೆಯನ್ನು ಕಿರಿದಾಗಿಸುತ್ತವೆ, ಉಸಿರಾಟವನ್ನು ತಗ್ಗಿಸುತ್ತವೆ. ಮೆದುಳಿನ ಶಸ್ತ್ರಕ್ರಿಯೆಯಾದ ರೋಗಿಯ ಎಚ್ಚರ, ಪಾಪೆ, ಉಸಿರು ಇವೇ ವೈದ್ಯರು ಗಳಿಗೆ ಗಳಿಗೆಗೂ ನೋಡಬೇಕಾದ ಚಿಹ್ನೆಗಳು. ಅವು ಮಸುಕಾದರೆ ಒಳಗೆ ರಕ್ತಸ್ರಾವವಾಗುತ್ತಿದ್ದರೂ ತಿಳಿಯದು. ಹೀಗಾಗಿ ಎಚ್ಚರವನ್ನು ಉಳಿಸಿಕೊಳ್ಳಲು ನೋವನ್ನು ಉಳಿಸಬೇಕಾಯಿತು. ಎರಡರಲ್ಲಿ ಒಂದನ್ನು ಆರಿಸಬೇಕಾದ ಈ ಸಂಕಟವನ್ನು ನೆತ್ತಿಯ ನರತಡೆ ಬಹುಮಟ್ಟಿಗೆ ಪರಿಹರಿಸಿತು. ಕನ್ನಡದಲ್ಲಿ ಅರಿವಳಿಕೆ ಎಂದರೆ ಅರಿವು ಅಳಿಯುವುದು. ಈ ನರತಡೆ ಆ ಹೆಸರಿಗೆ ಪೂರ್ತಿ ಒಗ್ಗುವುದಿಲ್ಲ. ಇಲ್ಲಿ ಅಳಿಯುವುದು ನೋವು, ಉಳಿಯುವುದು ಅರಿವು.

ಇದಕ್ಕೆ ಕರ್ನಾಟಕದಲ್ಲಿಯೇ ಜನರ ಗಮನ ಸೆಳೆದ ಒಂದು ನಿದರ್ಶನವಿದೆ. 2017ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಭಗವಾನ್ ಮಹಾವೀರ ಜೈನ್ ಆಸ್ಪತ್ರೆಯಲ್ಲಿ ಗಿಟಾರ್ ವಾದಕರೊಬ್ಬರಿಗೆ ಮೆದುಳಿನ ಶಸ್ತ್ರಕ್ರಿಯೆ ನಡೆಯಿತು. ವಾದ್ಯ ನುಡಿಸುವಾಗ ಅವರ ಎಡಗೈ ಬೆರಳುಗಳು ತಾವಾಗಿಯೇ ಮಡಿಚಿಕೊಳ್ಳುತ್ತಿದ್ದವು. ನೆತ್ತಿಯನ್ನು ಮಾತ್ರ ಮರಗಟ್ಟಿಸಿ, ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ದೋಷವಿದ್ದ ಬಿಂದುವನ್ನು ಕಾವಿನಿಂದ ಸುಡುತ್ತಿದ್ದಂತೆ ಅವರು ಮೇಜಿನ ಮೇಲೆಯೇ ಗಿಟಾರ್ ನುಡಿಸಿದರು. ಬೆರಳುಗಳು ಬಿಚ್ಚಿಕೊಳ್ಳುವುದನ್ನು ನೋಡಿಯೇ ವೈದ್ಯರು ತಮ್ಮ ದಾರಿ ಸರಿಯಾಗಿದೆಯೆಂದು ನಿಶ್ಚಯಿಸಿಕೊಂಡರು. ಸುಮಾರು ಏಳು ಗಂಟೆಗಳ ಕಾಲ ನಡೆದ ಆ ಚಿಕಿತ್ಸೆಯಲ್ಲಿ ರೋಗಿಯ ಎಚ್ಚರವೇ ವೈದ್ಯರಿಗೆ ದೀಪವಾಯಿತು. ನೋವು ನಿಲ್ಲದೆ ಹೋಗಿದ್ದರೆ ಆ ಎಚ್ಚರ ಸಾಧ್ಯವಿರಲಿಲ್ಲ.

ಮೆದುಳಿಗೆ ನೋವಿಲ್ಲದಿರುವುದನ್ನೂ, ತಲೆ ತೆರೆದಿರುವಾಗ ಮನುಷ್ಯ ಮಾತನಾಡುವುದನ್ನೂ ಕಂಡು, ಆತ್ಮವು ದೇಹದಿಂದ ಭಿನ್ನವೆಂಬುದಕ್ಕೆ ಇದೇ ಸಾಕ್ಷಿ ಎಂದು ಕೆಲವರು ಹೇಳಬಹುದು. ಅದು ಅವಸರದ ಮಾತು. ಆತ್ಮತತ್ತ್ವಕ್ಕೆ ಶಸ್ತ್ರಕ್ರಿಯೆಯ ಕೊಠಡಿಯ ಊರುಗೋಲು ಬೇಕಾಗಿಲ್ಲ. ವೈದ್ಯಶಾಸ್ತ್ರವೂ ಆ ಭಾರವನ್ನು ಹೊರಲು ಬಂದಿಲ್ಲ. ಇಲ್ಲಿ ವಿಚಾರಿಸಬೇಕಾದುದು ಆಚರಣೆಯ ಪ್ರಶ್ನೆ.

ಅನುಭವಿಸಿದರೆ ತೀರುತ್ತದೆಯೇ?

ಮೇಲಿನ ಕಲ್ಪಿತ ಸಂದರ್ಭದ ಯಜಮಾನರ ವಾದವನ್ನು ಅದರ ಪೂರ್ಣಬಲದೊಡನೆ ಎದುರಿಸಬೇಕು. ಕರ್ಮವು ಫಲ ಕೊಟ್ಟು ಉದುರುವುದು ನಿರ್ಜರೆ. ಬಲವಂತದಿಂದ ಸಹಿಸಿದ ದುಃಖಕ್ಕೂ ಅಕಾಮನಿರ್ಜರೆ ಎಂಬ ಹೆಸರು ಕೊಟ್ಟು, ಅದನ್ನು ದೇವಾಯುವಿನ ಆಸ್ರವಕ್ಕೆ ಕಾರಣಗಳಲ್ಲಿ ಒಂದೆಂದು ತತ್ತ್ವಾರ್ಥಸೂತ್ರ ಎಣಿಸಿದೆ. ಹಾಗಿರುವಾಗ ಆಸ್ಪತ್ರೆಯ ಹಾಸಿಗೆಯ ಮೇಲಿನ ನೋವೂ ಏನಾದರೂ ಫಲ ಕೊಡಲೇಬೇಕಲ್ಲವೇ?

ಈ ವಾದದಲ್ಲಿ ಮೂರು ಕೊರತೆಗಳಿವೆ. ಮೊದಲನೆಯದು, ನೋವು ಕರ್ಮವನ್ನು ಕಳೆಯುವುದು ಮಾತ್ರವಲ್ಲ, ಕಟ್ಟುವುದೂ ಉಂಟು. ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಪ್ರಕಾರಗಳಲ್ಲಿ ವೇದನೆಯಿಂದ ಹುಟ್ಟುವ ಚಿಂತನೆಯನ್ನು ಬೇರೆಯಾಗಿಯೇ ಹೇಳಿದೆ. ಸಾಧಕನಾದ ಮುನಿ ನೋವಿನಲ್ಲಿ ಸಮತೆಯಿಂದಿರಬಲ್ಲನು. ತಲೆ ಸಿಡಿಯುತ್ತಿರುವ ಸಾಮಾನ್ಯ ಗೃಹಸ್ಥೆ, "ಅಯ್ಯೋ, ಯಾಕಾದರೂ ಬದುಕಿದೆನೋ" ಎಂದು ನರಳುತ್ತ ರಾತ್ರಿ ಕಳೆದರೆ ಅದು ಯಾವ ಧ್ಯಾನ? ಹಳೆಯ ಸಾಲದ ಬಡ್ಡಿ ತೀರಿಸಲು ಹೊಸ ಸಾಲ ಎತ್ತಿದ ಹಾಗೆ. ಖಾತೆಯ ಒಂದು ಪುಟವನ್ನು ಮಾತ್ರ ನೋಡಿ ಸಾಲ ತೀರಿತೆಂದು ಹೇಳುವವನು ಲೆಕ್ಕ ಬಲ್ಲವನಲ್ಲ.

ಎರಡನೆಯದು, ಅಕಾಮನಿರ್ಜರೆಗೆ ಟೀಕಾಕಾರರು ಕೊಡುವ ನಿದರ್ಶನ ಸೆರೆಯಾಳಿನದು. ಬಂಧನದಲ್ಲಿ ಹಸಿವು ಬಾಯಾರಿಕೆಗಳನ್ನು ವಿಧಿಯಿಲ್ಲದೆ ತಡೆದುಕೊಂಡವನಿಗೆ ಅಲ್ಪ ಫಲವುಂಟು. ಆದರೆ ಅನ್ನ ನೀರು ಕೊಡದೆ ಕೂಡಿಹಾಕಿದ ಕಾವಲುಗಾರನಿಗೆ ಪುಣ್ಯ ಬಂತೆಂದು ಯಾರೂ ಹೇಳಿಲ್ಲ. ಸಹಿಸಿದವನಿಗೆ ಫಲವಿದ್ದರೆ ಅದು ಅವನ ಸಹನೆಗೆ. ನೋವನ್ನು ತಡೆಯಬಲ್ಲವನು ತಡೆಯದೆ ನಿಂತಿದ್ದಕ್ಕೆ ಯಾವ ಧರ್ಮದ ಖಾತೆಯಲ್ಲಿಯೂ ಜಮಾ ಇಲ್ಲ. ಒಬ್ಬರ ಕರ್ಮದ ಸಾಲವನ್ನು ವಸೂಲಿ ಮಾಡುವ ಅಧಿಕಾರವನ್ನು ಇನ್ನೊಬ್ಬರಿಗೆ ಯಾರೂ ಬರೆದುಕೊಟ್ಟಿಲ್ಲ.

ಮೂರನೆಯದು, ಕರ್ಮಸಿದ್ಧಾಂತವು ಕಲ್ಲಿನ ಮೇಲೆ ಕೊರೆದ ವಿಧಿಲಿಖಿತವಲ್ಲ. ಕರ್ಮವು ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವನ್ನು ಪಡೆದು ಫಲಿಸುತ್ತದೆ. ಸಂಕ್ರಮಣ, ಉಪಶಮ ಮೊದಲಾದ ಅವಸ್ಥೆಗಳೂ ಅದಕ್ಕುಂಟು. ರೋಗ ಬಂದುದು ಅಸಾತಾ ಕರ್ಮದ ಉದಯವಾದರೆ, ನುರಿತ ವೈದ್ಯರು ದೊರೆತುದೂ ಔಷಧ ಫಲಿಸಿದುದೂ ಸಾತಾ ಕರ್ಮದ ಉದಯವೇ ಸರಿ. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಬಾಗಿಲಿನಿಂದಾಚೆ ನಿಲ್ಲಿಸುವುದು ಸಿದ್ಧಾಂತದ ಅರ್ಧವನ್ನಷ್ಟೇ ನಂಬಿದಂತೆ.

ಪೂಜ್ಯಪಾದರ ವೈದ್ಯ

ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದು ಅಸಾತಾ ವೇದನೀಯದ ಆಸ್ರವಕ್ಕೆ ಕಾರಣವೆಂದು ಸೂತ್ರ ಹೇಳುತ್ತದೆ. ಹಾಗಾದರೆ ಕೇಶಲೋಚ, ಉಪವಾಸಗಳೂ ಪಾಪವಾಗಬೇಕಲ್ಲ ಎಂಬ ಆಕ್ಷೇಪವನ್ನು ಕನ್ನಡನಾಡಿನ ಹಿರಿಯ ಆಚಾರ್ಯರಾದ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು, ವೈದ್ಯನ ದೃಷ್ಟಾಂತದಿಂದ ಉತ್ತರಿಸುತ್ತಾರೆ. ಕರುಣಾಳುವಾದ ವೈದ್ಯನು ಮುನಿಯ ದೇಹದ ಹುಣ್ಣನ್ನು ಶಸ್ತ್ರದಿಂದ ಸೀಳುವಾಗ ನೋವಾಗುತ್ತದೆ. ಆದರೂ ಕೇವಲ ಆ ಬಾಹ್ಯ ನಿಮಿತ್ತದಿಂದ ವೈದ್ಯನಿಗೆ ಪಾಪಬಂಧವಿಲ್ಲ, ಏಕೆಂದರೆ ಅವನಲ್ಲಿ ಕ್ರೋಧಾದಿಗಳ ಆವೇಶವಿಲ್ಲ.

ಈ ದೃಷ್ಟಾಂತವನ್ನು ಇಂದಿನ ಕಾಲಕ್ಕೆ ಮುಂದುವರಿಸಿ ನೋಡಬೇಕು. ಪೂಜ್ಯಪಾದರ ಕಾಲದ ವೈದ್ಯನಿಗೆ ನರವನ್ನು ತಡೆಯುವ ಈ ಉಪಾಯ ತಿಳಿದಿರಲಿಲ್ಲ. ಅವನು ಕೊಟ್ಟ ನೋವು ಅನಿವಾರ್ಯವಾಗಿತ್ತು. ಆದುದರಿಂದ ಅವನ ಕರುಣೆಯೇ ಅವನನ್ನು ಕಾಯಿತು. ಇಂದು ಅದೇ ಹುಣ್ಣನ್ನು ನೋವಿಲ್ಲದೆ ಸೀಳುವ ಸಾಧನ ಕೈಗೆಟಕುವಂತಿದ್ದು, ಉದಾಸೀನದಿಂದ ಅದನ್ನು ಬಳಸದೆ ಬಿಟ್ಟರೆ ಉಳಿಯುವ ನೋವು ಅನಿವಾರ್ಯವಾದುದೆಂದು ಹೇಳಲಾದೀತೇ? ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆ ಎಂಬುದು ಜೈನರೆಲ್ಲರೂ ಬಲ್ಲ ಲಕ್ಷಣ. ಪ್ರಮಾದವೆಂದರೆ ಅಜಾಗರೂಕತೆ. ತಿಳಿಯದಿದ್ದಾಗ ನಿರ್ದೋಷವಾಗಿದ್ದ ಕ್ರಿಯೆಯೇ ತಿಳಿದ ಮೇಲೆ ಸದೋಷವಾಗುತ್ತದೆ. ಜ್ಞಾನ ಬೆಳೆದಂತೆ ಅಹಿಂಸೆಯ ಹೊಣೆಯೂ ಬೆಳೆಯುತ್ತದೆ. ನೀರನ್ನು ಸೋಸಿ ಕುಡಿಯಬೇಕೆಂದು ತಿಳಿದವನಿಗೂ ತಿಳಿಯದವನಿಗೂ ಹೊಣೆ ಸಮಾನವಲ್ಲವಷ್ಟೆ.

ಜೈನ ಪರಂಪರೆಯು ವೈದ್ಯವನ್ನು ಎಂದೂ ತಿರಸ್ಕರಿಸಿದುದಲ್ಲ. ಉಗ್ರಾದಿತ್ಯಾಚಾರ್ಯರು ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ಸಂಸ್ಕೃತದಲ್ಲಿ ರಚಿಸಿದರು. ಪೂಜ್ಯಪಾದರದೆಂದು ಹೇಳಲಾಗುವ ವೈದ್ಯಗ್ರಂಥವನ್ನು 12ನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಕೀರ್ತಿವರ್ಮನು ಗೋವೈದ್ಯವನ್ನು ಬರೆದನು. ಮೂಕಪ್ರಾಣಿಯ ನೋವಿಗೂ ಮದ್ದು ಹುಡುಕಿದ ಜನ, ಮನುಷ್ಯರ ನೋವನ್ನು ಕರ್ಮವೆಂದು ಕೈಬಿಡಲು ಹೇಳಿಯಾರೇ?

ಸಲ್ಲೇಖನದ ಮಾತು

ಸಲ್ಲೇಖನವನ್ನು ಮುಂದಿಟ್ಟು ನೋವು ಸಹಿಸುವುದೇ ಜೈನಮಾರ್ಗವೆಂದು ವಾದಿಸುವವರು ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವನ್ನು ಮತ್ತೊಮ್ಮೆ ನೋಡಬೇಕು. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ಪ್ರತೀಕಾರವಿಲ್ಲದಂತೆ ಬಂದೊದಗಿದಾಗ ಮಾತ್ರ ಆ ವ್ರತಕ್ಕೆ ಅವಕಾಶ. ಪ್ರತೀಕಾರವಿರುವಲ್ಲಿ ಅದಕ್ಕೆ ಪ್ರಸಕ್ತಿಯೇ ಇಲ್ಲ. ಅದನ್ನು ಕೈಗೊಳ್ಳುವವನು ಸ್ವತಃ, ಎಚ್ಚರದಿಂದ, ಗುರುಗಳ ಅನುಮತಿಯಿಂದ ಕೈಗೊಳ್ಳುತ್ತಾನೆ. ಬಂಡೆಗಳ ಮೇಲೆ ಕೊರೆದ ಹೆಸರುಗಳೆಲ್ಲವೂ ತಾವೇ ಆರಿಸಿಕೊಂಡವರ ಹೆಸರುಗಳು. ಬಂಧುಗಳು ಆರಿಸಿದ ನೋವನ್ನು ಉಂಡವರ ಹೆಸರು ಅಲ್ಲಿಲ್ಲ.

ಹಾಗಾದರೆ ರೋಗಿಯೇ ಪೂರ್ಣ ಅರಿವಿನಿಂದ ನೋವುನಿವಾರಣೆಯನ್ನು ಬೇಡವೆಂದರೆ? ಅವರ ಮಾತಿಗೆ ಮನ್ನಣೆ ಸಲ್ಲಬೇಕು. ಆದರೆ ಅವರಿಗೆ ಸತ್ಯವನ್ನು ತಿಳಿಸಿದ ಮೇಲೆಯೇ ಆ ಮಾತಿಗೆ ಬೆಲೆ. ತಲೆಗೆ ಮೊನೆ ನಾಟುವ ಹೊತ್ತಿನಲ್ಲಿ ರಕ್ತದೊತ್ತಡ ಏರುವುದು ರೋಗಿಯ ಸಹನಶಕ್ತಿಯನ್ನು ಅವಲಂಬಿಸಿಲ್ಲ. ಮನಸ್ಸು ಮೇರುವಿನಂತೆ ನಿಶ್ಚಲವಾಗಿದ್ದರೂ ರಕ್ತನಾಳ ಬಿರಿಯಬಹುದು. ಅದರಿಂದಾಗುವ ಕೇಡು ವೈದ್ಯರ ಶ್ರಮವನ್ನೂ ಮನೆಯವರ ಬಾಳನ್ನೂ ಕೂಡಿಯೇ ತಟ್ಟುತ್ತದೆ. ಇದನ್ನೆಲ್ಲ ಕೇಳಿ, ವೈದ್ಯರು ಸೂಚಿಸುವ ಬೇರೆ ದಾರಿಯನ್ನೂ ಅರಿತು ಆರಿಸಿದುದು ಆಯ್ಕೆ; ಕೇಳದೆ ಹಟದಿಂದ ಹೇಳಿದುದು ಆಯ್ಕೆಯಾಗದು.

ಹೇಳಲಾರದವರ ನೋವು

ಮೆದುಳಿನ ರೋಗಿಗಳಲ್ಲಿ ಅನೇಕರು ಆಯ್ಕೆಯನ್ನು ಹೇಳುವ ಸ್ಥಿತಿಯಲ್ಲಿಯೇ ಇರುವುದಿಲ್ಲ. ಕೆಲವರ ಮಾತು ಬಿದ್ದುಹೋಗಿರುತ್ತದೆ. ಕೆಲವರು ಅರೆ ಎಚ್ಚರದಲ್ಲಿರುತ್ತಾರೆ. ಕೆಲವರು ಎಳೆಯ ಮಕ್ಕಳು. ನೋವೆಂದು ಬಾಯಿಬಿಟ್ಟು ಹೇಳಲಾರದಿರುವುದು ನೋವಿಲ್ಲದಿರುವುದಕ್ಕೆ ಪ್ರಮಾಣವಲ್ಲ ಎಂದು ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ತನ್ನ ವ್ಯಾಖ್ಯೆಯ ವಿವರಣೆಯಲ್ಲಿ ಸ್ಪಷ್ಟಪಡಿಸಿದೆ. ಜೈನರಿಗೆ ಇದು ಹೊಸ ಮಾತಲ್ಲ. ಒಂದೇ ಇಂದ್ರಿಯವುಳ್ಳ, ಬಾಯಿಯೇ ಇಲ್ಲದ ಜೀವಕ್ಕೂ ವೇದನೆಯುಂಟೆಂದು ನಂಬಿ ಹೆಜ್ಜೆಯಿಡುವ ಸಮಾಜಕ್ಕೆ, ಹಾಸಿಗೆಯ ಮೇಲೆ ಮಾತಿಲ್ಲದೆ ಮಲಗಿದ ತಾಯಿಯ ಗಂಟಿಕ್ಕಿದ ಹುಬ್ಬು ಅರ್ಥವಾಗದೆ ಹೋದರೆ ಆ ನಂಬಿಕೆಯೇ ಬರಿಯ ಬಾಯಿಪಾಠವಾದೀತು.

ಅಂತರಂಗ ತಪಸ್ಸಿನ ಆರು ಭೇದಗಳಲ್ಲಿ ವೈಯಾವೃತ್ತ್ಯವೂ ಒಂದು. ರೋಗಪೀಡಿತರಾದ ಸಾಧಕರ ಸೇವೆಯನ್ನು ಆಚಾರ್ಯರು ತಪಸ್ಸೆಂದೇ ಕರೆದರು. ಆದುದರಿಂದ ರೋಗಿಯ ಪಕ್ಕದಲ್ಲಿ ನಿಂತವನಿಗೂ ಅಲ್ಲಿ ಒಂದು ತಪಸ್ಸಿದೆ. ರೋಗಿಯ ನೋವನ್ನು ರೋಗಿಯ ತಪಸ್ಸೆಂದು ಎಣಿಸಿ ಕೈಕಟ್ಟಿ ಕೂಡುವುದು ಅದಲ್ಲ. ಆ ನೋವನ್ನು ತಗ್ಗಿಸಲು ನಿದ್ದೆಗೆಟ್ಟು ದುಡಿಯುವುದು ಅವನ ತಪಸ್ಸು.

ಇದರಲ್ಲಿ ಮನೆಯವರು ಮಾಡಬಹುದಾದ ಕೆಲಸ ಬಹಳವಿದೆ. ಶಸ್ತ್ರಕ್ರಿಯೆಗೆ ಮುನ್ನ ಅರಿವಳಿಕೆಯ ವೈದ್ಯರನ್ನು ಕಂಡು, ನೋವುನಿವಾರಣೆಗೆ ಏನು ಕ್ರಮವಿದೆ, ನೆತ್ತಿಯ ನರತಡೆ ಈ ರೋಗಿಗೆ ಹೊಂದುತ್ತದೆಯೇ, ಅದರ ಪ್ರಭಾವ ಇಳಿದ ಮೇಲೆ ಯಾವ ಔಷಧ ಕೊಡಲಾಗುತ್ತದೆ ಎಂದು ವಿನಯದಿಂದ ಕೇಳಬೇಕು. ರೋಗಿಗೆ ಹಿಂದೆ ಯಾವುದಾದರೂ ಚುಚ್ಚುಮದ್ದು ಒಗ್ಗದಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮರೆಮಾಚದೆ ಹೇಳಬೇಕು. ವ್ರತನಿಯಮಗಳಿಂದ ಉಪವಾಸವಿದ್ದರೆ ಅದನ್ನೂ ತಿಳಿಸಬೇಕು. ಶಸ್ತ್ರಕ್ರಿಯೆಯ ನಂತರ ರೋಗಿ ಮುಖ ಕಿವಿಚುವುದು, ಕೈ ಬಿಗಿಹಿಡಿಯುವುದು, ತಲೆ ಸರಿಸಲು ಅಂಜುವುದು ಕಂಡರೆ ದಾದಿಯರ ಗಮನಕ್ಕೆ ತರಬೇಕು. ನರತಡೆಯ ಪ್ರಭಾವವಿರುವಾಗಲೇ ತಲೆನೋವು ಒಮ್ಮೆಲೇ ಹೆಚ್ಚಿದರೆ, ಮಂಪರು ಕವಿದರೆ ಅದು ಒಳಗಿನ ಅಪಾಯದ ಸೂಚನೆಯಾಗಿರಬಹುದಾದುದರಿಂದ ಕ್ಷಣವೂ ತಡಮಾಡದೆ ವೈದ್ಯರನ್ನು ಕರೆಯಬೇಕು.

ಬಸದಿಗಳ ಆಡಳಿತ ನಡೆಸುವ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ನಿರತರಾದವರೆಂದು ದಾನಿಗಳನ್ನು ಹೊಗಳುವುದು ಕನ್ನಡನಾಡಿನ ಜೈನ ಶಾಸನಗಳ ವಾಡಿಕೆ. ಔಷಧದಾನವೆಂದರೆ ಮಾತ್ರೆ ಹಂಚುವುದಷ್ಟೇ ಆಗಬೇಕಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳಿಗಳಿಂದ ಬೆಂಗಳೂರಿಗೆ ರೋಗಿಯನ್ನು ಕರೆದೊಯ್ಯುವವರಿಗೆ ದೊಡ್ಡ ಆಸ್ಪತ್ರೆಯ ಕಾಗದಪತ್ರಗಳೂ ಭಾಷೆಯೂ ಗೊತ್ತಿರುವುದಿಲ್ಲ. ಒಪ್ಪಿಗೆಯ ಹಾಳೆಯಲ್ಲಿ ಏನಿದೆಯೆಂದು ಕನ್ನಡದಲ್ಲಿ ಓದಿ ಹೇಳುವ ಒಬ್ಬ ತಿಳಿದ ವ್ಯಕ್ತಿಯನ್ನು ಜೊತೆಗೆ ಕಳುಹಿಸಿದರೂ ಅದು ದೊಡ್ಡ ದಾನ. ಜಾತಿಮತಗಳನ್ನು ನೋಡದೆ ಅದನ್ನು ನೀಡಿದರೆ, ಭಯದಲ್ಲಿರುವವರಿಗೆ ಧೈರ್ಯ ಕೊಡುವ ಅದು ಅಭಯದಾನವೂ ಹೌದು. ದಾನದ ಹಣಕ್ಕೆ ಲೆಕ್ಕವಿಡುವ ಟ್ರಸ್ಟುಗಳು, ಆ ಹಣದಿಂದ ಎಷ್ಟು ಜನರ ಒಂದು ರಾತ್ರಿ ನರಳಾಟವಿಲ್ಲದೆ ಕಳೆಯಿತೆಂಬುದನ್ನೂ ವರ್ಷದ ಕೊನೆಯಲ್ಲಿ ಒಮ್ಮೆ ವಿಚಾರಿಸಿದರೆ ಒಳಿತು.

ತನಗೆ ಬಂದ ವೇದನೆಯನ್ನು ಎದುರಿಸುವಾಗ ಸಮತೆ ಬೇಕು, ಪರರಿಗೆ ಬಂದ ವೇದನೆಯನ್ನು ಕಾಣುವಾಗ ಕರುಣೆ ಬೇಕು. ಇವೆರಡೂ ಧರ್ಮವೇ. ಆದರೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಕೆಡುತ್ತವೆ. ತನ್ನ ನೋವಿಗೆ ಅತಿಯಾಗಿ ಮರುಗುವವನು ದುರ್ಬಲನಾಗುತ್ತಾನೆ. ಪರರ ನೋವಿಗೆ ಸಮತೆ ತೋರಿಸುವವನು ಕಠಿಣನಾಗುತ್ತಾನೆ. ನೆತ್ತಿಯ ನರಗಳ ಬಳಿ ಕೊಟ್ಟ ಕೆಲವು ಹನಿ ಔಷಧ ಕರ್ಮವನ್ನು ಅಳಿಸುವುದಿಲ್ಲ, ಮೋಕ್ಷವನ್ನು ತರುವುದಿಲ್ಲ. ಅದು ಎಚ್ಚರವನ್ನು ಕೆಡಿಸದೆ ನೋವನ್ನು ತಗ್ಗಿಸುತ್ತದೆ. ರೋಗಿಯು ಕಣ್ತೆರೆದಾಗ ನಮೋಕಾರ ಮಂತ್ರವನ್ನು ಸ್ಮರಿಸುವುದಕ್ಕೂ, ಮಗನ ಹೆಸರನ್ನು ಕರೆಯುವುದಕ್ಕೂ ಅಷ್ಟು ಬಿಡುವು ಸಾಕಾಗುತ್ತದೆ. ಸಮತೆಯನ್ನು ಸಾಧಿಸಲು ಮನುಷ್ಯನಿಗೆ ಬೇಕಾದ ಅವಕಾಶವನ್ನು ಮಾಡಿಕೊಡುವುದೇ ಶ್ರಾವಕನ ಕೈಲಾದ ಉಪಕಾರ.